ದನಿ ಒಡೆದಿದೆ, ಕಷಾಯ ಕುಡಿದಿದ್ದೂ ಆಯಿತು

ಪ್ರಶ್ನೆ: ತಂದೆಗೆ 58 ವರ್ಷ, ಬೀಡಿ ಸೇದುತ್ತಾರೆ. ಎರಡು ತಿಂಗಳಿಂದ ದನಿ ಗೊಗ್ಗರಾಗಿದೆ. ಜ್ಯೇಷ್ಠಮಧು, ಮೆಣಸಿನ ಕಷಾಯ, ಎರಡು ಸಲ ಆಂಟಿಬಯೋಟಿಕ್ ಎಲ್ಲ ಆಯಿತು. ಮೂಗಿನಲ್ಲಿ ಪೈಪು ಬಿಟ್ಟು ನೋಡಬೇಕಂತೆ. ಅಪ್ಪ ಹೆದರಿದ್ದಾರೆ. ಅದರ ಬದಲು ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಆಗದೇ?
– ಓದುಗರು, ರಾಣೆಬೆನ್ನೂರು

ಉತ್ತರ: ಆಗದು. ಧ್ವನಿತಂತುವಿನ ಮೇಲೆ ಈಗಷ್ಟೇ ಎದ್ದ ಸಣ್ಣ ಗಡ್ಡೆ ಸಿ.ಟಿ.ಯಲ್ಲಿ ಕಾಣದೇ ಹೋಗಬಹುದು. ‘ಸ್ಕ್ಯಾನ್ ನಾರ್ಮಲ್’ ಎಂಬ ಕಾಗದ ಜೇಬಿನಲ್ಲಿಟ್ಟುಕೊಂಡು ಮತ್ತೆ ಆರು ತಿಂಗಳು ಬೀಡಿ ಸೇದುವವರನ್ನು ನಾನು ಬಲ್ಲೆ. ಪೈಪು ಅಂದರೆ ಮೂರು-ನಾಲ್ಕು ಮಿಲಿಮೀಟರ್ ದಪ್ಪ. ಮೂಗಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಒಳಗೆ ಬಿಟ್ಟು, ‘ಈ...’ ಅನ್ನಿ ಎನ್ನುತ್ತಾರೆ. ತಂತುಗಳೆರಡೂ ಕೂಡುತ್ತವೆಯೋ, ಒಂದು ನಿಂತೇಬಿಟ್ಟಿದೆಯೋ ಪರದೆಯ ಮೇಲೆ ಕಾಣುತ್ತದೆ. ಐದು ನಿಮಿಷದ ಕೆಲಸ. ಮರಗಟ್ಟಿದ್ದು ಬಿಡುವವರೆಗೆ ಕಾಫಿ ಕುಡಿಯಬಾರದು, ಅಷ್ಟೆ. ಗಡ್ಡೆ ಕಂಡರೆ ಆಮೇಲೆ ಸ್ಕ್ಯಾನ್: ಎಷ್ಟು ಆಳಕ್ಕೆ ಇಳಿದಿದೆ, ಕುತ್ತಿಗೆಯ ಗ್ರಂಥಿಗಳಿಗೆ ಹೋಗಿದೆಯೇ ಎಂದು ತಿಳಿಯಲು. ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು ಕೊರೆದಿರುವ ಅನುಮಾನ ಬಂದರೆ ಎಂ.ಆರ್.ಐ. ಕೂಡ ಬೇಕಾದೀತು. ಧ್ವನಿತಂತುವಿನಲ್ಲಿ ದುಗ್ಧರಸನಾಳಗಳು ಬಹಳ ಕಡಿಮೆ, ಹಾಗಾಗಿ ಅಲ್ಲಿಯ ಕ್ಯಾನ್ಸರ್ ನಿಧಾನವಾಗಿ ಹರಡುತ್ತದೆ. ಬೇಗ ಸಿಕ್ಕರೆ ರೇಡಿಯೇಷನ್ ಅಥವಾ ಲೇಸರ್‌ನಲ್ಲೇ ಬಹುತೇಕರು ಗುಣವಾಗುತ್ತಾರೆ. ದನಿ ಒಡೆದು ಮೂರು ವಾರ ದಾಟಿದ ಮೇಲೆ ಮತ್ತೊಂದು ಆಂಟಿಬಯೋಟಿಕ್ ಬರೆಸಿಕೊಳ್ಳಬೇಡಿ. ಈ ವಾರವೇ ಕರೆದುಕೊಂಡು ಹೋಗಿ.

ಪ್ರಶ್ನೆ: ಅಮ್ಮನ ಕುತ್ತಿಗೆಯಲ್ಲಿ ನೋವಿಲ್ಲದ ಗಂಟು. ನುಂಗುವಾಗ ಕಿವಿ ನೋಯುತ್ತದಂತೆ. ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಗೆಲ್ಲ ಹರಡುತ್ತದೆ ಎಂದು ಸೋದರಮಾವ ತಡೆದಿದ್ದಾರೆ.
– ಓದುಗರು, ಶಿರಸಿ

ಉತ್ತರ: ಈ ‘ಕೆರಳುವ’ ಮಾತು ಕೇಳಿ ಕೇಳಿ ಸಾಕಾಗಿದೆ. ನಡೆಯುವುದು ಇಷ್ಟು: ಹೆದರಿ ತಿಂಗಳುಗಟ್ಟಲೆ ಕೂರುತ್ತಾರೆ, ಗಂಟು ದೊಡ್ಡದಾಗುತ್ತದೆ, ಕೊನೆಗೆ ಚುಚ್ಚಿಸಿಕೊಳ್ಳುತ್ತಾರೆ, ರಿಪೋರ್ಟ್ ಬಂದ ಮೇಲೆ ಸೂಜಿಯನ್ನು ಬೈಯುತ್ತಾರೆ. ಗಂಟಿನಿಂದ ಜೀವಕೋಶ ಹೀರಿ ನೋಡುವ ಎಫ್.ಎನ್.ಎ.ಸಿ. ಪರೀಕ್ಷೆಯ ಸೂಜಿ ರಕ್ತ ತೆಗೆಯುವ ಸೂಜಿಯಷ್ಟೇ ಸಣ್ಣದು. ಮಾವನವರು ಭಯಪಡಬೇಕಾದದ್ದು ಬೇರೆಯೇ ಇದೆ. ಗಂಟಲು ನೋಡದೆ ಗಂಟನ್ನಷ್ಟೇ ಕೊಯ್ದು ತೆಗೆಸುವುದು. ಗಂಟಿನ ಮೂಲ ಗಂಟಲಲ್ಲಿದ್ದರೆ ಅದು ಒಳಗೇ ಉಳಿದು ಮುಂದಿನ ಚಿಕಿತ್ಸೆ ಕೆಡುತ್ತದೆ. ಕಿವಿಗೆ ಹನಿ ಹಾಕುತ್ತಾ ಕೂರಬೇಡಿ. ಗಂಟಲಿಗೂ ಕಿವಿಗೂ ಒಂದೇ ನರದ ಕವಲುಗಳಿವೆ, ನೋವು ಅಲ್ಲಿಂದ ಬರುತ್ತಿರಬಹುದು. ಒಳಗೆ ಗಡ್ಡೆ ಕಂಡರೆ ಸಾಧ್ಯವಾದಷ್ಟೂ ಸ್ಕ್ಯಾನ್ ಮುಗಿಸಿಯೇ ಬಯಾಪ್ಸಿ ಮಾಡಿಸಿ, ಚೂರು ತೆಗೆದ ಜಾಗದ ಊತ ಚಿತ್ರವನ್ನು ಗೊಂದಲ ಮಾಡುತ್ತದೆ. ಬಯಾಪ್ಸಿಯಲ್ಲಿ ‘ಕ್ಯಾನ್ಸರ್ ಇಲ್ಲ’ ಎಂದು ಬಂದರೂ ವೈದ್ಯರಿಗೆ ಅನುಮಾನ ಉಳಿದರೆ ಇನ್ನೊಮ್ಮೆ ಒಪ್ಪಿಕೊಳ್ಳಿ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್‌ನ ಗಂಟಲಿನ ಚೂರನ್ನು ರೋಗಶಾಸ್ತ್ರಜ್ಞ ವಿರ್ಚೋ ಅಂಥ ಘಟಾನುಘಟಿಯೇ ನೋಡಿ ಕ್ಯಾನ್ಸರ್ ಕಾಣಲಿಲ್ಲ ಎಂದಿದ್ದರು. ಮರುವರ್ಷ ಚಕ್ರವರ್ತಿಯಾದವನು 99 ದಿನ ಆಳಿ ಅದೇ ಕಾಯಿಲೆಯಿಂದ ತೀರಿಕೊಂಡ.

ಪ್ರಶ್ನೆ: ವಯಸ್ಸು 27. ಉಗುಳು ನುಂಗುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ. ಊಟದಲ್ಲಿ ತೊಂದರೆಯಿಲ್ಲ. ಪೆಟ್ ಸ್ಕ್ಯಾನ್ ಮಾಡಿಸಲೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಮುದ್ದೆ ಸಲೀಸಾಗಿ ಇಳಿದು ಉಗುಳು ಮಾತ್ರ ತಡೆಯುತ್ತಿದ್ದರೆ ಗಡ್ಡೆ ಇರುವುದು ಅಪರೂಪ. ಒಮ್ಮೆ ಗಂಟಲು ತೋರಿಸಿಕೊಂಡು ನಿಶ್ಚಿಂತೆಯಿಂದಿರಿ. ಪೆಟ್‌ನಲ್ಲಿ ಊದಿದ ಟಾನ್ಸಿಲ್ ಕೂಡ ಹೊಳೆಯುತ್ತದೆ. ದುಡ್ಡು ಕೊಟ್ಟು ಇನ್ನೊಂದು ಚಿಂತೆ ತಂದುಕೊಳ್ಳುತ್ತೀರಿ.

ಪ್ರಶ್ನೆ: ನನ್ನ ಎಡ ಧ್ವನಿತಂತು ಅಲ್ಲಾಡುತ್ತಿಲ್ಲ, ಗಂಟಲಲ್ಲಿ ಗಡ್ಡೆ ಇಲ್ಲ. ಆದರೂ ಎದೆಯ ಸಿ.ಟಿ. ಬರೆದಿದ್ದಾರೆ. ದುಡ್ಡು ಮಾಡಲಿಕ್ಕೋ?
– ಓದುಗರು, ಮಂಡ್ಯ

ಉತ್ತರ: ಸರಿಯಾಗಿಯೇ ಬರೆದಿದ್ದಾರೆ. ಎಡತಂತುವಿನ ನರ ಎದೆಗೆ ಇಳಿದು, ಮಹಾಧಮನಿಯನ್ನು ಕೆಳಗಿನಿಂದ ಬಳಸಿ ಮತ್ತೆ ಗಂಟಲಿಗೆ ಏರುತ್ತದೆ. ಶ್ವಾಸಕೋಶದ ಗಡ್ಡೆ ಅದನ್ನು ಅದುಮಿದರೂ ದನಿಯೇ ಹೋಗುವುದು. ಸಿ.ಟಿ.ಗೆಂದು ಡೈ ಚುಚ್ಚುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ, ಹಿಂದೆಂದಾದರೂ ಡೈ ಅಲರ್ಜಿಯಾಗಿದ್ದರೆ ಅಲ್ಲಿಯವರಿಗೆ ಮೊದಲೇ ಹೇಳಿ. ಹಳೆಯ ಎಕ್ಸ್-ರೇ ಏನಿದ್ದರೂ ಜೊತೆಗೆ ಒಯ್ಯಿರಿ.