ಫ್ಯಾನು ತಿರುಗುತ್ತಿಲ್ಲ

ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಹುಲಿಕಲ್ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ಎರಡೂ ಮಳೆಗೆ ಹೆಸರಾದ ಊರುಗಳು. ಸಾಗರದಲ್ಲೂ ಮಳೆ ಕಡಿಮೆಯೇನಲ್ಲ. ನಮ್ಮ ಕಡೆ ಫ್ಯಾನು ಬೇಕಾಗುವುದು ಸೆಖೆಗೆ ಮಾತ್ರ ಅಲ್ಲ. ಮಕ್ಕಳ ಯೂನಿಫಾರಂ ಒಣಗಬೇಕಲ್ಲ! ಅಂಥ ದಿನವೇ ಫ್ಯಾನು ನಿಂತರೆ?

"ಎಂತ ಆಯ್ತೇ?" ಅತ್ತೆ ಕೇಳಿದರು.

"ಸ್ವಿಚ್ ಹಾಕಿದ್ರೆ ಗುಂಯ್ ಅಂತದೆ ಅತ್ತೆ. ತಿರುಗೂದಿಲ್ಲ."

"ಕೋಲಲ್ಲಿ ಒಂದ್ಸಲ ದೂಡು. ತಿರುಗ್ತದೆ."

"ಬೇಡಿ ಅತ್ತೆ. ಮೊದ್ಲು ಮೇನ್ ಸ್ವಿಚ್ ಆಫ್ ಮಾಡ್ತೀನಿ."

ಸೊಸೆ ಮಾಡಿದ್ದೇ ಸರಿ. ಒದ್ದೆ ಕೋಲಿನಲ್ಲಿ ಕರೆಂಟು ಹರಿಯುತ್ತದೆ. ತಿರುಗದೆ ಗುಂಯ್ ಅನ್ನುವ ಫ್ಯಾನು ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಒಳಗಿನ ಕಾಯಿಲ್ ಸುಡಬಹುದು.

ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ. ವೈರಿಂಗ್ ತಪ್ಪಾಗಿದ್ದರೆ, ಸ್ವಿಚ್ ಆಫ್ ಮಾಡಿದರೂ ಫ್ಯಾನಿನಲ್ಲಿ ಕರೆಂಟು ಇರುತ್ತದೆ. ಹಳೇ ಮನೆಗಳಲ್ಲಿ ಈ ಭಯ ಹೆಚ್ಚು. ಮೇನ್ ಸ್ವಿಚ್ ಮುಟ್ಟುವಾಗ ಕೈ ಒಣಗಿರಲಿ. ಕಾಲಲ್ಲಿ ಒಣಗಿದ ಚಪ್ಪಲಿ ಇರಲಿ. ಗೋಡೆ ನೀರು ಕುಡಿದು ಒದ್ದೆಯಾಗಿದ್ದರೆ, ಬೋರ್ಡು ಮುಟ್ಟಲೇಬೇಡಿ. ಕೆಲಸ ಬಲ್ಲವರನ್ನು ಕರೆಸಿ.

ಮೇನ್ ಆಫ್ ಆದ ಮೇಲೆ, ಒಣಗಿದ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾಗಿದೆಯೇ? ಬೇರಿಂಗ್ ಕೆಟ್ಟಿರಬಹುದು. ಸಲೀಸಾಗಿ ತಿರುಗುತ್ತದೆಯೇ? ಹಾಗಾದರೆ, ಗುಂಯ್ ಅನ್ನುವ ಫ್ಯಾನಿಗೆ ಹೆಚ್ಚಾಗಿ ಕೆಡುವುದು ಕಂಡೆನ್ಸರ್.

ಶಬ್ದವೇ ಇಲ್ಲ, ಆದರೆ ಲೈಟು ಉರಿಯುತ್ತದೆ ಅಂದರೆ ದೋಷ ಸ್ವಿಚ್ಚಿನಲ್ಲೋ, ವೈರಿನಲ್ಲೋ, ರೆಗ್ಯುಲೇಟರಿನಲ್ಲೋ ಇರಬಹುದು. ಅಮೆರಿಕದಲ್ಲಿ ಎಷ್ಟೋ ಫ್ಯಾನುಗಳಿಗೆ ರೆಗ್ಯುಲೇಟರ್ ಇಲ್ಲ. ಕೆಳಗೆ ಸಣ್ಣ ಸರಪಳಿ ನೇತಾಡುತ್ತದೆ. ಅದನ್ನು ಎಳೆದೆಳೆದು ವೇಗ ಬದಲಿಸುತ್ತಾರೆ. ಅಲ್ಲಿ ಸರಪಳಿ ಕಿತ್ತು ಬರುವುದೂ ಒಂದು ತಂಟೆ!

ಕಂಡೆನ್ಸರ್ ಅಂದರೇನು? ನಿಂತ ಫ್ಯಾನು ತಿರುಗಲು ಶುರು ಮಾಡುವುದಕ್ಕೆ ಬಲ ಕೊಡುವ ಸಣ್ಣ ಡಬ್ಬಿ. ಫ್ಯಾನಿನ ಮೇಲೆ ಬಟ್ಟಲಿನಂಥ ಮುಚ್ಚಳ ಇದೆಯಲ್ಲ, ಸಾಮಾನ್ಯವಾಗಿ ಅದರೊಳಗೆ ಇರುತ್ತದೆ. ಕರೆಂಟು ತೆಗೆದರೂ ಸ್ವಲ್ಪ ಹೊತ್ತು ಅದರಲ್ಲಿ ಕರೆಂಟು ಉಳಿಯುತ್ತದೆ. ಹಾಗಾಗಿ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್ ಮಾಡಲಿ. ಓದುವ ಕೆಲಸ ನೀವು ಮಾಡಿ.

ಡಬ್ಬಿಯ ಮೇಲೆ ಸಾಮಾನ್ಯವಾಗಿ 2.5 ಅಥವಾ 3.15 ಎಂದು ಇರುತ್ತದೆ. ಅಂಕಿ ನಿಮಗೆ ಗೊತ್ತು. ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಅದೇ ನಂಬರಿನದು ಕೇಳಿ. "ಯಾವುದಾದ್ರೂ ಆಗ್ತದೆ ಅಮ್ಮ" ಅಂದರೆ ಒಪ್ಪಬೇಡಿ. "ಮೋಟರೇ ಸುಟ್ಟಿದೆ, ಹೊಸ ಫ್ಯಾನು ತಗೊಳ್ಳಿ" ಅಂದರೆ, "ಕಂಡೆನ್ಸರ್ ಬದಲಿಸಿ ನೋಡಿದ್ರಾ?" ಅಂತ ಕೇಳಿ. ಒಂದು ಸಣ್ಣ ಡಬ್ಬಿಯ ಖರ್ಚಿಗೂ ಹೊಸ ಫ್ಯಾನಿನ ಖರ್ಚಿಗೂ ಎಷ್ಟು ವ್ಯತ್ಯಾಸ! (ರಿಮೋಟಿನ ಹೊಸ ಫ್ಯಾನುಗಳ ರಚನೆ ಬೇರೆ. ಅವಕ್ಕೆ ಈ ಮಾತು ಹೊಂದುವುದಿಲ್ಲ.)

ಬಟ್ಟೆಯ ಹಗ್ಗವನ್ನು ಫ್ಯಾನಿನ ಕಂಬಿಗೆ ಕಟ್ಟಬೇಡಿ. ರೆಕ್ಕೆಗೆ ಸೀರೆ ಸಿಕ್ಕಿದರೆ ಫ್ಯಾನೇ ಕೆಳಗೆ ಬಂದೀತು.

ಮನೆಯಲ್ಲೂ ಇಲ್ಲ, ಪಕ್ಕದ ಮನೆಯಲ್ಲೂ ಕರೆಂಟಿಲ್ಲ ಅಂದರೆ ಫ್ಯಾನಿನ ತಪ್ಪಲ್ಲ. ಮೆಸ್ಕಾಂಗೆ 1912 ನಂಬರಿಗೆ ಫೋನ್ ಮಾಡಿ.

ಓದಿ: ಕಂಡೆನ್ಸರ್, ರೆಗ್ಯುಲೇಟರ್, ಮೇನ್ ಸ್ವಿಚ್, 2.5, 3.15, 1912.

ಬರೆಯಿರಿ: ಕರೆಂಟ್ ಬಿಲ್ಲಿನಲ್ಲಿರುವ ನಿಮ್ಮ ಮನೆಯ ಆರ್.ಆರ್. ನಂಬರು.