ಜೀನ್ ಸೇರಿಸಿದರೆ ಮುಗೀತಾ? ಪಾಚಿಗೂ ಹದ ಬೇಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರೈತರು ಬಿತ್ತುವ ಮೊದಲು ನೆಲದ ಹದ ನೋಡ್ತಾರೆ. ಬೀಜ ಎಷ್ಟೇ ಒಳ್ಳೇದಿದ್ರೂ ಹದ ತಪ್ಪಿದರೆ ಬೆಳೆ ಕೈಗೆ ಬರಲ್ಲ. ಜೀನ್ ಬದಲಿಸಿದ ಸೂಕ್ಷ್ಮಪಾಚಿಯಿಂದ ಪ್ರೋಟೀನ್ ತೆಗೆಯೋದಕ್ಕೂ ಇದೇ ಮಾತು. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಕ್ಲಾಮಿಡೊಮೊನಾಸ್ ಪಾಚಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಬೆಳಕು: ಕ್ಲೋರೋಪ್ಲಾಸ್ಟ್‌ಗೆ ಸೇರಿಸಿದ ಜೀನನ್ನು ಹೆಚ್ಚಾಗಿ 'ಪಿಎಸ್‌ಬಿಎ' ಎಂಬ ಸ್ವಿಚ್‌ಗೆ ಜೋಡಿಸುತ್ತಾರೆ. ಬೆಳಕು ಬಿದ್ದಾಗ ಅದರ ಕೆಲಸ ಚುರುಕಾಗುತ್ತದೆ. ಆದರೆ ಪಾಚಿ ದಟ್ಟವಾದಂತೆ ಮೇಲಿನ ಕೋಶಗಳ ನೆರಳಲ್ಲಿ ಒಳಗಿನವು ಕತ್ತಲಲ್ಲಿ ಉಳಿಯುತ್ತವೆ. ಬಿಸಿಲು ಅತಿಯಾದರೆ ಮೇಲಿನವು ಬಳಲುತ್ತವೆ. ಅದಕ್ಕೇ ತೆಳು ಕೊಳವೆ, ಸತತ ಕಲಕಾಟ ಬೇಕು.

ಉಷ್ಣತೆ: ಈ ಪಾಚಿಗೆ ಸುಮಾರು 25 ಡಿಗ್ರಿ ಹಿತ. 40ರ ಹತ್ತಿರ ಬೆಳವಣಿಗೆ ನಿಲ್ಲುತ್ತದೆ, ಪ್ರೋಟೀನ್‌ಗಳ ಮಡಿಕೆ ಕೆಡುತ್ತದೆ. ಆದರೆ 'ಎಚ್‌ಎಸ್‌ಪಿ70ಎ' ಸ್ವಿಚ್ ಬಳಸಿದ್ದರೆ ಸ್ವಲ್ಪ ಹೊತ್ತಿನ ಬಿಸಿಯೇ ಜೀನನ್ನು ಎಬ್ಬಿಸುತ್ತದೆ. ಅಂದ್ರೆ ಯಾವ ಸ್ವಿಚ್ ಅನ್ನೋದರ ಮೇಲೆ ಹದವೂ ಬದಲಾಗುತ್ತದೆ.

ಸಾರಜನಕ: ಇದು ಕಡಿಮೆಯಾದರೆ ಪಾಚಿ ಪ್ರೋಟೀನ್ ಬಿಟ್ಟು ಪಿಷ್ಟ, ಎಣ್ಣೆ ಕೂಡಿಡುತ್ತದೆ. ಯಾವ ರೂಪದಲ್ಲಿ ಕೊಡ್ತೀವಿ ಅನ್ನೋದೂ ಮುಖ್ಯ: 'ಎನ್‌ಐಟಿ1' ಸ್ವಿಚ್ ಅಮೋನಿಯಂ ಇದ್ದಾಗ ಆರಿರುತ್ತದೆ, ಅದನ್ನು ತೆಗೆದು ನೈಟ್ರೇಟ್ ಕೊಟ್ಟರೆ ಹೊತ್ತುತ್ತದೆ.

ಒಂದು ಲೆಕ್ಕ: ಅಂಕಿಗಳು ಊಹೆಯವು. 'ಅ' ತೊಟ್ಟಿಯಲ್ಲಿ 4 ದಿನಕ್ಕೆ ಲೀಟರಿಗೆ 1 ಗ್ರಾಂ ಒಣ ಪಾಚಿ, ಅದರಲ್ಲಿ ನಮಗೆ ಬೇಕಾದ ಪ್ರೋಟೀನ್ ಶೇ. 1, ಅಂದ್ರೆ 10 ಮಿಲಿಗ್ರಾಂ. 'ಆ' ತೊಟ್ಟಿಯಲ್ಲಿ 6 ದಿನಕ್ಕೆ 0.6 ಗ್ರಾಂ, ಪ್ರೋಟೀನ್ ಶೇ. 2, ಅಂದ್ರೆ 12 ಮಿಲಿಗ್ರಾಂ. 'ಆ' ಗೆದ್ದಂತೆ ಕಾಣುತ್ತೆ. ದಿನಕ್ಕೆ ಭಾಗಿಸಿ ನೋಡಿ: 'ಅ' 2.5, 'ಆ' 2. ಶೇಕಡಾವಾರು ಒಂದನ್ನೇ ನೋಡಿದರೆ ಮೋಸ ಹೋಗ್ತೀವಿ.

ನಮ್ಮ ಕಡೆ ಆದೀತೇ? ಬಿಸಿಲಿಗೆ ಬರವಿಲ್ಲ. ತೊಡಕು ಬೇರೆ ಇದೆ. 1989ರ ನಿಯಮಗಳ ಪ್ರಕಾರ ಜೀನ್ ಬದಲಿಸಿದ ಜೀವಿಯನ್ನು ಅನುಮತಿ ಇಲ್ಲದೆ ಪರಿಸರಕ್ಕೆ ಬಿಡುವಂತಿಲ್ಲ. ಹಾಗಾಗಿ ಕೆರೆಯಂಥ ತೆರೆದ ಕೊಳ ಬೇಡ, ಮುಚ್ಚಿದ ಕೊಳವೆ ಬೇಕು. ಬೇಸಿಗೆಯಲ್ಲಿ ಇಲ್ಲಿ ಗಾಳಿಯೇ 40 ಡಿಗ್ರಿ ಮುಟ್ಟುವಾಗ ಕೊಳವೆಯೊಳಗಿನ ನೀರು ಇನ್ನೂ ಕಾಯುತ್ತದೆ. ಮೇಲೆ ನೀರು ಚಿಮುಕಿಸಿದರೆ ಒಣ ಹವೆಯಲ್ಲಿ ಚೆನ್ನಾಗಿ ತಂಪಾಗುತ್ತದೆ ನಿಜ, ಆದರೆ ಕುಡಿಯೋ ನೀರಿಗೇ ಪರದಾಡುವ ಊರಲ್ಲಿ ಆ ನೀರು ಎಲ್ಲಿಂದ?

ಹೋಲಿಕೆಗೆ ಸ್ಪಿರುಲಿನಾ ನೋಡಿ. ಮೈಸೂರಿನ ಸಿಎಫ್‌ಟಿಆರ್‌ಐ ಇದರ ಕೃಷಿಯ ಮೇಲೆ ಕೆಲಸ ಮಾಡಿದೆ. ಜೀನ್ ಬದಲಿಸದೆಯೇ ಅದರ ಒಣ ತೂಕದ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್, 35 ಡಿಗ್ರಿಯೂ ಅದಕ್ಕೆ ಹಿತ. ಬರೀ ಆಹಾರದ ಪ್ರೋಟೀನ್ ಬೇಕಿದ್ದರೆ ಅದೇ ಸಾಕು. ಔಷಧಿಯ ನಿರ್ದಿಷ್ಟ ಪ್ರೋಟೀನ್ ಬೇಕಾದಾಗ ಮಾತ್ರ ಜೀನ್ ಬದಲಿಸುವ ಖರ್ಚಿಗೆ ಅರ್ಥ.

ಆದ್ದರಿಂದ ಗೆಳೆಯರೇ, ಬಯೋಟೆಕ್‌ನವರು ಜೀನ್ ಸೇರಿಸಿ ಕೊಡಲಿ. ಕೊಳವೆಯ ದಪ್ಪ, ತಂಪು, ಸೆನ್ಸರ್, ನೀರಿನ ಮರುಬಳಕೆ, ಇವು ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಸಿವಿಲ್‌ನವರಾದ ನಮ್ಮ ಪಾಲಿನ ಕೆಲಸ. ಹದ ಕಾಯೋರು ನಾವೇ.