ಗಣಪನ ಹಾಲು, ಮಾಹಿಮ್ ನೀರು

1995ರ ಸೆಪ್ಟೆಂಬರ್ 21ರಂದು ದೇಶದ ಗಣಪತಿಗಳೆಲ್ಲ ಹಾಲು ಕುಡಿದರೆಂಬ ಸುದ್ದಿ ಬಂದಾಗ ಕೊಟ್ಟೂರಿನ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಚಾಚಾ. ಬಣ್ಣ ಬೆರೆಸಿದ ಹಾಲು ಹಿಡಿದು ವಿಜ್ಞಾನಿಗಳು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಮೇಲ್ಮೈ ಸೆಳೆತದಿಂದ ಚಮಚ ಬಿಟ್ಟ ಹಾಲು ತೆಳ್ಳಗೆ ವಿಗ್ರಹದ ಮೈಮೇಲೆ ಇಳಿದುಹೋಗುತ್ತಿತ್ತು. ಅದನ್ನು ಬಾಯಿಪಾಠ ಮಾಡಿಕೊಂಡ ಚಾಚಾ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಒಪ್ಪಿಸಿದರು.

ಹನ್ನೊಂದು ವರ್ಷಕ್ಕೆ ನಮ್ಮ ಸರದಿ ಬಂತು.

2006ರ ಆಗಸ್ಟ್ 18ರಂದು ಮುಂಬೈಯ ಮಾಹಿಮ್‌ನಲ್ಲಿ ಸಮುದ್ರದ ನೀರು ಸಿಹಿಯಾಗಿದೆಯೆಂದು ಜನ ಮುಗಿಬಿದ್ದರು. ಹತ್ತಿರದಲ್ಲೇ ಸೂಫಿ ಸಂತ ಮಖ್ದೂಮ್ ಅಲಿ ಮಾಹಿಮಿಯವರ ದರ್ಗಾ; ಇದು ಅವರದೇ ಕರಾಮತ್ತು ಎಂಬ ಮಾತು ಹಬ್ಬಿತು. ಹಿಂದೂಗಳೂ ಬೊಗಸೆಯೊಡ್ಡಿದರು. ಅಲ್ಲಿ ಕಡಲು ಸೇರುವುದು ಮಿಠಿ ನದಿ. ಮಳೆಗಾಲದಲ್ಲಿ ಅದು ತುಂಬಿ ಹರಿದಾಗ, ಉಪ್ಪುನೀರಿಗಿಂತ ಹಗುರವಾದ ಸಿಹಿನೀರು ಮೇಲೆ ನಿಲ್ಲುತ್ತದೆ. ಅದೇ ನದಿಯಲ್ಲಿ ಊರಿನ ಚರಂಡಿಯೂ ಕಾರ್ಖಾನೆಯ ಕೊಳೆಯೂ ಹರಿಯುತ್ತವೆ. ಕುಡಿಯಬೇಡಿ ಎಂದು ಅಧಿಕಾರಿಗಳು ಹೇಳಿದರೂ ಕೇಳುವವರಿರಲಿಲ್ಲ.

ನೆಂಟರೊಬ್ಬರು ಆ ನೀರನ್ನು ಬಾಟಲಿಯಲ್ಲಿ ತಂದರು. ಚಾಚಾ ಕಣ್ಣಿಗೊತ್ತಿಕೊಂಡರು.

"ಗಣಪನ ಹಾಲಿಗೆ ಏನೋ ಹೇಳ್ತಿದ್ರಲ್ಲ ಚಾಚಾ?"

"ಅದೇ ಬೇರೆ, ಇದೇ ಬೇರೆ ಬೇಟಾ."

ನಾನು ದನಿಯೇರಿಸಿದೆ. ಮೂರು ದಿನ ಅವರು ಮಾತು ಬಿಟ್ಟರು. ತಪ್ಪು ನನ್ನದೇ, ದೊಡ್ಡವರನ್ನು ಹತ್ತು ಜನರ ಮುಂದೆ ದಡ್ಡರನ್ನಾಗಿಸಿದರೆ ಅವರು ಪವಾಡವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಗಾಜಿನ ಲೋಟಕ್ಕೆ ಉಪ್ಪುನೀರು ತುಂಬಿ, ಅರಿಸಿನ ಕದಡಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಬಿಟ್ಟೆ. ಹಳದಿ ಮೇಲೆಯೇ ನಿಂತಿತು. ಚಾಚಾ ಲೋಟವನ್ನು ಬಹಳ ಹೊತ್ತು ನೋಡಿದರು, ಏನೂ ಅನ್ನಲಿಲ್ಲ.

ಮುಂದೊಮ್ಮೆ ಹೆಚ್ಚಿದ ಬದನೆಕಾಯಿಯ ಬೀಜಗಳಲ್ಲಿ 'ಅಲ್ಲಾಹ್' ಎಂಬ ಬರಹ ಮೂಡಿದೆಯೆಂದು ಓಣಿಯ ಹೆಂಗಸರು ಸೇರಿದರು. ಅರಬಿಯಲ್ಲಿ ಆ ಹೆಸರೆಂದರೆ ಮೂರು ನೆಟ್ಟಗೆರೆ, ಕೊನೆಗೊಂದು ಸುತ್ತು. ಬೀಜದ ಸಾಲಲ್ಲೂ ಮೋಡದಲ್ಲೂ ಸುಲಭವಾಗಿ ಸಿಗುತ್ತದೆ. ಅರಬಿ ಲಿಪಿ ಬಾರದ ಪಕ್ಕದ ಮನೆಯಾಕೆಗೆ ಅದು ಬದನೆಕಾಯಿಯಾಗಿಯೇ ಕಂಡಿತು. ಈ ಸಲ ನಾನು ಬಾಯಿ ಬಿಡುವ ಮೊದಲೇ ಚಾಚಾ ಕೇಳಿದರು: "ಅಕ್ಷರ ಬಾರದವರಿಗೂ ಕಾಣಬೇಕಲ್ಲವ್ವ?"

ಮಾಹಿಮ್ ನೀರನ್ನು ಅವರು ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ. ಬಾಟಲಿ ಇಂದಿಗೂ ಅಲಮಾರಿನಲ್ಲಿದೆ; ತಳದಲ್ಲಿ ಕಪ್ಪು ಗಸಿ ಕೂತಿದೆ.